ಕಡವೆ ಬಂದ ಹೊಲ

"ಕೊಡ್ಲಿ ಕೆಳಗ ಇಡ್ರಿ."

ಪ್ರಮಿಳಾಳ ದನಿ ಏರಲಿಲ್ಲ. ಖಾನಾಪುರದ ತಮ್ಮ ಹೊಲದಲ್ಲಿ ನೀಲಗಿರಿ ಕಡಿಯುತ್ತಿದ್ದ ಅಪರಿಚಿತ ತಿರುಗಿ ನೋಡಿದ.

"ಇವು ನನ್ನ ಗಂಡ ಹಚ್ಚಿದ ಗಿಡ. ಯಾರ್ನ ಕೇಳಿ ಕಡ್ಯಾಕ್ಹತ್ತೀರಿ?"

"ನಿಮ್ಮ ಅತ್ತಿಯವ್ರನ್ನ ಕೇಳೇನ್ರಿ. ನಿಮಗೂ ಗೊತ್ತೈತಿ ಅನ್ಕೊಂಡಿದ್ದೆ…" ಅವನು ಕೊಡಲಿ ಕೆಳಗಿಟ್ಟ. "ನಾ ಸೋಮಲಿಂಗ. ಬಾಜು ಹೊಲದಾಂವ."

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಗಂಡ ಲಕ್ಷ್ಮಣ ಅಪಘಾತದಲ್ಲಿ ಹೋದ ಮೇಲೆ ಅವಳಿಗೆ ಏನೂ ಬರುತ್ತಿರಲಿಲ್ಲ… ಅಳು ಕೂಡ.

ವಡಗಾವಿಯ ಮನೆಗೆ ಮರಳಿ ಅತ್ತೆ ಸಾವಂತ್ರವ್ವನನ್ನು ಕೇಳಿದಳು.

"ನಾನ ಹೂಂ ಅಂದೇನವ್ವಾ. ಸೋಮಲಿಂಗ ಬಂದು, ಮದ್ಲಿದ್ದ ಅಡವಿ ತಿರಗಿ ಬೆಳಸ್ತೀನಿ, ಪ್ರಾಣಿಗಳಿಗೆ ಬಿಡೂಣು ಅಂದ. ನಿನಗ ಹೇಳಾಕ ಧೈರ್ಯ ಆಗ್ಲಿಲ್ಲ. ಲಕ್ಷ್ಮಣನ ಹೆಸರೆತ್ತಿದ್ರ ನೀ ಕಲ್ಲಾಗ್ತಿ… ಅಂವ ನನ್ನ ಮಗಾನೂ ಹೌದಲ್ಲ."

ಮುಂದಿನ ಐತ್ವಾರ ಪ್ರಮಿಳಾ ಮತ್ತೆ ಹೋದಳು. ಉಳಿದ ಮರಗಳು ಹಾಗೇ ನಿಂತಿದ್ದವು. ತೆರವಾದ ಜಾಗದ ಮತ್ತಿ, ನೇರಳೆ ಸಸಿಗಳಿಗೆ ಸೋಮಲಿಂಗ ನೀರು ಹಾಕುತ್ತಿದ್ದ.

"ನೀವು ಹೂಂ ಅನ್ನೂತನಕ ಇನ್ನೊಂದು ಗಿಡ ಮುಟ್ಟಂಗಿಲ್ರಿ."

ಅವಳು ಇನ್ನೊಂದು ಕೊಡ ಎತ್ತಿಕೊಂಡಳು.

ಆಮೇಲೆ ಪ್ರತಿ ಐತ್ವಾರ ಬಂದಳು. ಕಡಿದ ಬುಡದಲ್ಲಿ ಮತ್ತೆ ಒಡೆಯುವ ನೀಲಗಿರಿ ಚಿಗುರು ಮುರಿದಳು. ಕೈ ಕೆಲಸ ಮಾಡುತ್ತಿತ್ತು, ಮನಸ್ಸು ಮಾತ್ರ ಮರಗಟ್ಟಿತ್ತು. ಮಳೆಗಾಲದ ಮುಂಚೆ, ಸಸಿಗಳು ಹೊಸ ಎಲೆ ಬಿಟ್ಟದ್ದನ್ನು ನೋಡಿ ಅವಳೇ ಹೇಳಿದಳು, "ಉಳಿದವ್ನೂ ಕಡೀರಿ."

"ಖರೇನ?"

"ಹೂಂ."

ಮರುವರ್ಷದ ಮಳೆ ಮುಗಿದಾಗ ಹಳ್ಳದ ದಂಡೆಯಲ್ಲಿ ಸೋಮಲಿಂಗ ತಟ್ಟನೆ ಕೈ ಅಡ್ಡ ಹಿಡಿದ. ಎಳೆ ಗಿಡಗಳ ನಡುವೆ ಕಡವೆಯೊಂದು ಮರಿಯೊಂದಿಗೆ ನಿಂತಿತ್ತು. ಮರಿ ಕಾಲು ಜಾರಿ ಬಿತ್ತು. ತಾಯಿ ಬಗ್ಗಿ ಅದರ ಬೆನ್ನು ನೆಕ್ಕಿತು.

ಪ್ರಮಿಳಾಳ ಕೆನ್ನೆ ಒದ್ದೆಯಾಗಿತ್ತು. ಅದು ಅಳು ಎಂದು ಅವಳಿಗೆ ತಡವಾಗಿ ತಿಳಿಯಿತು… ಅವಳು ಅಲ್ಲೇ ದಂಡೆಯ ಮೇಲೆ ಕುಳಿತಳು. ಅವನೂ ಪಕ್ಕದಲ್ಲಿ ಕುಳಿತ. ಅವಳ ಅಳು ತಾನಾಗಿಯೇ ನಿಂತ ಮೇಲೆ ಮೆಲ್ಲಗೆ ಅಂದ,

"ಐತ್ವಾರದ ಹಾದಿ ಕಾಯ್ತೀನ್ರಿ ನಾ… ಗಿಡದ ಸಲುವಾಗಿ ಅಲ್ಲ."

"ಅವ್ರನ್ನ ಮರಿಯಾಕ ಆಗಂಗಿಲ್ಲ ನನಗ."

"ಮರೀರಿ ಅಂತ ನಾ ಯಾವತ್ತೂ ಅನ್ನಂಗಿಲ್ಲ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಇನ್ನ ನನಗ 'ರೀ' ಹಚ್ಚಬ್ಯಾಡ್ರಿ."

"ಪ್ರಮಿಳಾ…" ಅವನು ಮೊದಲ ಸಲ ಹೆಸರು ಹಿಡಿದು ಕರೆದ. "ಅತ್ತಿಯವ್ರಿಗೆ ನಮ್ಮ ವಿಷಯ ನಾ ಹೇಳ್ಲೇನು?"

"ಇಬ್ರೂ ಕೂಡೇ ಹೇಳೂಣು."