ಗುಹೆಯಲ್ಲಿ ಸಾಲಿನ ಕೊನೆಯವರು

ಕ್ರಾಬಿ ಕಡಲಿನ ಆ ಗುಹೆಗೆ ಪ್ರವಾಸಿಗರನ್ನು ಕರೆದೊಯ್ಯುವವಳು ನಾನೇ. ಒಳಗೆ ಸೊಂಟದ ಮಟ್ಟ ನೀರು, ಕತ್ತಲು. ಆಚೆ ಪುಟ್ಟ ಮರಳ ದಂಡೆ.

ಒಂದು ಮಧ್ಯಾಹ್ನ ಎಲ್ಲರೂ ಕೈಕೈ ಹಿಡಿದು ಸಾಲಾಗಿ ದಾಟಿದೆವು. ಕೊನೆಯಲ್ಲಿದ್ದ ಅಜ್ಜಿ ದಂಡೆ ಮುಟ್ಟಿದವರೇ ಕೇಳಿದರು: "ನನ್ನ ಹಿಂದಿದ್ದ ಮಗು ಎಲ್ಲಮ್ಮಾ? ಕೈ ಐಸ್ ಥರ ಇತ್ತು, ಟವೆಲ್ ಸುತ್ತು."

ನಮ್ಮ ದೋಣಿಯಲ್ಲಿ ಮಕ್ಕಳೇ ಇರಲಿಲ್ಲ.

ನನ್ನ ಆರು ವರ್ಷದ ಪಿಮ್‌ಳನ್ನು ಸುನಾಮಿ ಒಯ್ದದ್ದು ಇದೇ ಕಡಲಿಗೆ, ಹೆಣವೂ ಸಿಗಲಿಲ್ಲ. ಮರಳುವಾಗ ನಾನೇ ಕೊನೆಯಲ್ಲಿ ನಿಂತು ಕೈ ಹಿಂದಕ್ಕೆ ಚಾಚಿದೆ. ನೀರಿನಡಿಯಿಂದ ತಣ್ಣನೆಯ ಬೆರಳುಗಳು ಹಿಡಿದುಕೊಂಡವು. "ಬಾ ಮಗಳೇ" ಅಂದೆ. ಬೆಳಕು ಕಾಣುತ್ತಲೇ ಬಿಟ್ಟುಬಿಟ್ಟವು.

"ಯಾಕತ್ತಿಗೆ ಅಳ್ತಿದೀರ? ಪಿಮ್ ನೆನಪಾದ್ಲಾ?" ಎಂದ ದೋಣಿ ನಡೆಸುವ ಮೈದುನ ಪ್ರಸೋತ್.

ಹೌದೆಂದು ತಲೆಯಾಡಿಸಿದೆ. ಆದರೆ ನನ್ನನ್ನು ಹಿಡಿದದ್ದು ಎರಡು ವರ್ಷವೂ ತುಂಬದ ಕೂಸಿನ ಅಂಗೈ. ಆದರೂ ಅಂದಿನಿಂದ ಪ್ರತಿ ಸಲವೂ ನಾನೇ ಕೊನೆಯವಳು.