ಕದಲದ ಮುಳ್ಳು

ಭಾನುವಾರ ಬೆಳಿಗ್ಗೆ ಹತ್ತೂವರೆ. 1965ರ ಮಾರ್ಚ್. ಹುಲಗೂರಿನಲ್ಲಿ ಹೊಳಬಸಪ್ಪನ ಹಗೇವಿನ ಬಾಯಿ ತೆರೆದಿದ್ದರು.

ನೆಲದೊಳಗಿನ ಆ ಜೋಳದ ಗುಂಡಿಯಲ್ಲಿ ಕೆಟ್ಟ ಗಾಳಿ ನಿಂತಿದ್ದರೆ ಇಳಿದವನು ಮೇಲೆ ಬರುವುದಿಲ್ಲ. ಅದಕ್ಕೇ ಮೊದಲು ಕಂದೀಲು ಇಳಿಬಿಟ್ಟು, ಆರುತ್ತದೆಯೋ ಎಂದು ನೋಡುವುದು ರೂಢಿ. ಇವತ್ತು ಹೊಳಬಸಪ್ಪನ ತಂಗಿ ಮಾದೇವಿ, ಶಿಗ್ಗಾಂವಿಯ ಹೈಸ್ಕೂಲಿನ ವಿಜ್ಞಾನ ಶಿಕ್ಷಕಿ, ಕಂದೀಲಿನ ಬದಲು ಗಾಜಿನ ತುಂಡೊಂದನ್ನು ಇಳಿಬಿಟ್ಟಿದ್ದಳು. ಅದರ ಮೇಲೆ ಸತುವಿನ ಆಕ್ಸೈಡಿನ ತೆಳು ಪದರ. ಬ್ಯಾಟರಿಯಿಂದ ಕಾಯುವ ಆ ಪದರಕ್ಕೆ ಕೆಟ್ಟ ಗಾಳಿ ತಾಗಿದರೆ ಮೀಟರಿನ ಮುಳ್ಳು ಸರಿಯಬೇಕು.

ಮುಳ್ಳು ಕದಲಲಿಲ್ಲ.

"ಇಳೀಲೇನು, ತಂಗಿ?"

ಅವಳು ಹೂಂ ಎಂದು ತಲೆಯಾಡಿಸಿದಳು. ಹೊಳಬಸಪ್ಪ ಗುಂಡಿಯೊಳಗೆ ಕಾಲಿಟ್ಟ.

ಅಷ್ಟರಲ್ಲಿ ಉಡಚಪ್ಪ ಸೈಕಲ್ ಬಿಸಾಕಿ ಬಂದು ಅವನ ರಟ್ಟೆ ಹಿಡಿದ. ಅದೇ ಶಾಲೆಯ ಮಾಸ್ತರ. ವರ್ಷದಿಂದ ಮಾದೇವಿಯ ಜೊತೆ ಈ ಪದರ ಮಾಡುತ್ತಿದ್ದವನು.

"ಇಳೀಬ್ಯಾಡ್ರಿ. ಈ ಗಾಜು ಕುರುಡೈತಿ."

"ಯಾಕೋ ಮಾಸ್ತರ, ಹೆಣ್ಣಮಗಳು ಮಾಡಿದ್ದಂತ ಕುರುಡಾತೇನು?" ಎಂದಳು ಮಾದೇವಿಯ ಸೋದರತ್ತೆ ಹುಚ್ಚವ್ವ. ನೆರೆದವರು ನಕ್ಕರು.

ಉಡಚಪ್ಪ ಗಾಜನ್ನು ಮೇಲೆಳೆದು, ಅದರ ಹತ್ತಿರ ಸ್ಪಿರಿಟಿನಲ್ಲಿ ಅದ್ದಿದ ಅರಳೆ ಹಿಡಿದ. ಆ ಆವಿಗೆ ಸರಿಯಬೇಕಿದ್ದ ಮುಳ್ಳು ಆಗಲೂ ಸುಮ್ಮನಿತ್ತು.

"ಲ್ಯಾಬಿನ್ಯಾಗ ಉಳಿದ ತುಂಡೂ ಹಿಂಗ ಐತಿ. ಪದರ ಹಾಕುಮುಂದ ಗಾಜು ಎಷ್ಟು ಕಾದಿತ್ತು, ಬಾಯಾರ?" ಎಂದು ಮಾದೇವಿಯನ್ನು ಕೇಳಿದ.

ಶಾಲೆಯ ಉಷ್ಣಮಾಪಕ ಒಡೆದಿತ್ತು. ಅಣ್ಣನಿಗೆ ಅವಸರ...

"ರೊಟ್ಟಿ ಹಂಚಿಗೆ ನೋಡಿದಂಗ ನೀರು ಚಿಮುಕಿಸಿ ನೋಡಿದೆ. ಹನಿ ಕುಣೀತು. ಆಗ ಸತುವಿನ ದ್ರಾವಣ ಸಿಂಪಡಿಸಿದೆ."

"ಅದು ಇನ್ನೂರು ಡಿಗ್ರಿ. ನಮಗ ನಾಕ್ನೂರು ಬೇಕು. ಬಿಸಿ ಕಡಿಮಿ ಆದ್ರ ಪದರ ಹೊಳೀತೈತಿ, ಗಾಳಿ ಅದಕ್ಕ ತಿಳಿಯಂಗಿಲ್ಲ."

ಕಂದೀಲು ಇಳಿಬಿಟ್ಟರು. ಅರ್ಧಕ್ಕೇ ಆರಿತು.

ಮಾದೇವಿ ಬಣವೆಯ ಹಿಂದೆ ಹೋಗಿ ನಿಂತಳು. ಅಣ್ಣನನ್ನು ನಾನೇ ಕಳಿಸುತ್ತಿದ್ದೆ... ಉಡಚಪ್ಪ ಬಂದಾಗ ಮಾತ್ರ ಸಿಟ್ಟು ಮುಂದೆ ಬಂತು.

"ಮಂದಿ ಮುಂದ ಮಾನ ಕಳದ್ರಿ. ಒಳಗ ಕರದು ಹೇಳಬಾರದಿತ್ತೇನ್ರಿ?"

"ಅಷ್ಟು ಹೊತ್ತು ಎಲ್ಲಿತ್ರಿ? ಅವರು ಬಿದ್ದಿದ್ರ ಎಳಿಯಾಕ ನೀವು ಇಳೀತಿದ್ರಿ."

"ಇಳೀತಿದ್ದೆ."

"ನಿಮ್ಮ ಹಿಂದ ನಾನು."

ಹಗೇವು ಒಬ್ಬರನ್ನೇ ನುಂಗುವುದು ಅಪರೂಪ. ಆ ಸೀಮೆಯವರಿಗೆಲ್ಲ ಗೊತ್ತಿದ್ದ ಮಾತು. ಆದರೂ ಅವಳು ಕೇಳಿದಳು:

"ನೀವ್ಯಾಕ?"

"ವರ್ಷದಿಂದ ಹೇಳಬೇಕಂತ ಮಾಡೇನಿ... ಬಾಯಿ ಬರವಲ್ದು."

"ಈಗ ಹೇಳಿದ್ರಲ್ಲ, ಬಿಡ್ರಿ."

ಹಗೇವಿಗೆ ನಂಬಿ ಇಳಿಬಿಡುವಂಥ ಪದರ ಮರುವರ್ಷದ ಚಳಿಗಾಲದವರೆಗೂ ಕೈಗೂಡಲಿಲ್ಲ. ಅಷ್ಟರಲ್ಲಿ ಅವರ ಮದುವೆಯಾಗಿತ್ತು.