ಹಿಂದಿನ ಬ್ರೇಕ್

“ಹಿಂದಿನ ಬ್ರೇಕ್ ನಾನು ಬಿಗಿ ಮಾಡಿದ್ನಾ?” ತನ್ನ ಸೈಕಲ್ ಅಂಗಡಿಯಲ್ಲಿ ಸ್ಪ್ಯಾನರ್ ಹಿಡಿದುಕೊಂಡೇ ಅಮ್ಮ ಕೇಳಿದಳು.

ಸೈಕಲ್ ರಿಪೇರಿಗೆ ತಂದಿದ್ದ ಹಾಲಿನ ಅಂಕಲ್ ಹುಬ್ಬೇರಿಸಿ ಅಮ್ಮನನ್ನು ನೋಡಿದರು. ಅದನ್ನು ಕಂಡು ರೇಡಿಯೋಳ ಮುಖ ಬಿಸಿಯಾಯಿತು. ರೇಡಿಯೋ ಅಮ್ಮನ ಒಬ್ಬಳೇ ಮಗಳು. ಸದಾ ವಟಗುಟ್ಟುತ್ತಾಳೆಂದು ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಅದು.

ಮೊದಲು ಅಮ್ಮ ಹೀಗಿರಲಿಲ್ಲ. ಮೂರು ಸೈಕಲ್ ಬಿಚ್ಚಿ ಹರಡಿಕೊಂಡರೂ ಯಾವ ನಟ್ಟು ಯಾವುದರದ್ದು ಎಂದು ಥಟ್ಟನೆ ಹೇಳುತ್ತಿದ್ದಳು. ಆಮೇಲೆ ಕ್ಯಾನ್ಸರ್ ಬಂತು. ಆಸ್ಪತ್ರೆಯ ಔಷಧಿಗೆ ಅದು ಹೋಯಿತು, ಉದುರಿದ ಕೂದಲೂ ಮತ್ತೆ ಬೆಳೆಯಿತು. ಆದರೆ ಕೈಯಲ್ಲಿದ್ದ ಕೆಲಸವೇ ಆಗಾಗ ತಲೆಯಿಂದ ಜಾರಿಬಿಡುತ್ತಿತ್ತು. “ಆ ಔಷಧಿ ತಗೊಂಡ ಕೆಲವರಿಗೆ ಹೀಗಾಗುತ್ತೆ. ಒಂದೊಂದೇ ಕೆಲಸ ಮಾಡಿ, ಬಾಯಲ್ಲಿ ಹೇಳ್ಕೊಂಡು ಮಾಡಿ,” ಎಂದಿದ್ದರು ಡಾಕ್ಟರ್.

ಅದನ್ನೆಲ್ಲ ಹಾಲಿನ ಅಂಕಲ್‌ಗೆ ಯಾರು ಹೇಳುವುದು?

“ಮಾಡಿದ್ಯಲ್ಲಮ್ಮ, ನಾನೇ ನೋಡ್ದೆ,” ಎಂದುಬಿಟ್ಟಳು ರೇಡಿಯೋ. ನಿಜಕ್ಕೂ ಅವಳು ಬಾಗಿಲಲ್ಲಿ ಕೂತು, ಸ್ಕೂಲಿನ ಸುದ್ದಿ ಹೇಳುತ್ತಾ ನಾಯಿಮರಿ ಆಡಿಸುತ್ತಿದ್ದಳು.

ಅಂಕಲ್ ಹಾಲು ತುಂಬಿದ ಎರಡು ಕ್ಯಾನು ಸೈಕಲ್ಲಿಗೆ ನೇತುಹಾಕಿ ಹ್ಯಾಂಡಲ್ ಹಿಡಿದರು. ಅಂಗಡಿ ದಾಟಿದರೆ ಇಳಿಜಾರು. ಅದರ ತುದಿಗೆ ಬಸ್ಸುಗಳು ಓಡಾಡುವ ರಸ್ತೆ.

ರೇಡಿಯೋ ನಾಯಿಮರಿಯನ್ನು ಕೆಳಗೆ ಬಿಟ್ಟಳು.

“ಅಮ್ಮ, ನಾನು ನೋಡಿಲ್ಲ. ಸುಮ್ನೆ ಹೇಳ್ದೆ.”

ಅಮ್ಮ ಬೈಯಲಿಲ್ಲ. “ಅಣ್ಣ, ಸೈಕಲ್ ನಿಲ್ಸಿ. ಟ್ರೀಟ್ಮೆಂಟ್ ಆದ್ಮೇಲೆ ನೆನಪು ಸ್ವಲ್ಪ ಕೈಕೊಡ್ತಿದೆ. ಮೊದಲಿಂದ ನೋಡ್ತೀನಿ. ಅಲ್ಲಿವರೆಗೂ ಯಾರೂ ಮಾತಾಡ್ಬೇಡಿ.”

“ಲೇಟಾಗುತ್ತಲ್ಲಮ್ಮ.”

“ಆಗ್ಲಿ. ಹಾಲು ಲೇಟಾದ್ರೆ ನಾಲ್ಕು ಜನ ಬೈತಾರೆ, ಅಷ್ಟೇ.”

ಒಂದೊಂದನ್ನೂ ಮುಟ್ಟಿ, ಬಾಯಿಬಿಟ್ಟು ಹೇಳುತ್ತಾ ಹೋದಳು ಅಮ್ಮ. “ಮುಂದಿನ ಚಕ್ರ, ಸರಿ. ಚೈನು, ಸರಿ. ಹಿಂದಿನ ಬ್ರೇಕ್...”

ಒತ್ತಿದರೆ ಬ್ರೇಕ್ ಹಿಡಿಯಲೇ ಇಲ್ಲ. ವೈರಿನ ನಟ್ಟು ಇನ್ನೂ ಸಡಿಲವಾಗಿತ್ತು.

ಅಂಕಲ್ ಒಮ್ಮೆ ಇಳಿಜಾರಿನ ಕಡೆ ನೋಡಿದರು. ಆಮೇಲೆ ಕ್ಯಾನುಗಳನ್ನು ಕೆಳಗಿಳಿಸಿ ಗೋಡೆಗೆ ಒರಗಿ ನಿಂತರು. “ನಿಧಾನಕ್ಕೇ ಮಾಡಮ್ಮ,” ಎಂದರು.

ಅವರು ಹೋದ ಮೇಲೆ ಅಮ್ಮ ಕೈ ಒರೆಸಿಕೊಂಡಳು. “ನನ್ನ ಮರ್ಯಾದೆ ಉಳಿಸೋಕೆ ಹೇಳಿದ್ಯಾ?”

ರೇಡಿಯೋ ಹೌದೆಂದು ತಲೆಯಾಡಿಸಿದಳು.

“ನೀನು ಹೇಳಿದ್ದನ್ನ ನಾನು ನಂಬ್ತೀನಿ ಕಣೇ,” ಎಂದಷ್ಟೇ ಹೇಳಿ ಅಮ್ಮ ಇನ್ನೊಂದು ಸೈಕಲ್ಲಿನ ಮುಂದೆ ಕೂತಳು.

ರೇಡಿಯೋ ಮತ್ತೆ ಬಾಗಿಲಲ್ಲಿ ಹೋಗಿ ಕೂತಳು.

ಸ್ವಲ್ಪ ಹೊತ್ತಿಗೆ ಕಾಲೇಜಿನ ಹುಡುಗಿಯೊಬ್ಬಳು ಪಂಕ್ಚರ್ ಆದ ಸೈಕಲ್ ತಳ್ಳಿಕೊಂಡು ಬಂದಳು. “ಆಂಟಿ, ಇದನ್ನ ಸ್ವಲ್ಪ ಬೇಗ...”

ಅಮ್ಮ ಚೈನು ಹಾಕುತ್ತಿದ್ದಳು. ತುಟಿಗಳು ಅಲುಗುತ್ತಿದ್ದವು.

ರೇಡಿಯೋ ಎದ್ದು ಸ್ಟೂಲನ್ನು ಆ ಹುಡುಗಿಯ ಮುಂದಿಟ್ಟಳು.

“ಕೂತ್ಕೊಳ್ಳಿ ಅಕ್ಕ. ನಮ್ಮಮ್ಮ ಒಂದು ಸಲಕ್ಕೆ ಒಂದೇ ಕೆಲಸ ಮಾಡೋದು,” ಎಂದಳು, ಪಕ್ಕದ ಅಂಗಡಿಗೂ ಕೇಳಿಸುವಷ್ಟು ಜೋರಾಗಿ.